ಅಮೃತಬಳ್ಳಿ: ಕಾಂಡ, ಕಷಾಯ, ಸತ್ವ

ಅಮೃತಬಳ್ಳಿ ಎಂದರೆ ಹಲವರು ಎಲೆ ಕೀಳಲು ಹೋಗುತ್ತಾರೆ. ಆಯುರ್ವೇದದಲ್ಲಿ ಜ್ವರ, ವಾತರಕ್ತ (ಗೌಟ್‌ನಂಥ ಕೀಲುಬೇನೆ), ಪ್ರಮೇಹಕ್ಕೆ (ಸಕ್ಕರೆ ಕಾಯಿಲೆಯಂಥ ಮೂತ್ರದ ತೊಂದರೆ) ಮುಖ್ಯವಾಗಿ ಬಳಸುವುದು ಕಾಂಡವನ್ನು. ಹೆಬ್ಬೆರಳ ಗಾತ್ರಕ್ಕೆ ಬಲಿತದ್ದನ್ನೇ ಆರಿಸಿ. ಉಗುರಿನಿಂದ ಕೆರೆದರೆ ತೆಳು ಸಿಪ್ಪೆ ಎದ್ದು ಒಳಗಿನ ಹಸಿರು ಕಾಣಬೇಕು. ಅಡ್ಡ ಕೊಯ್ದರೆ ಗಾಡಿಯ ಚಕ್ರದಂಥ ಗೆರೆಗಳಿರುತ್ತವೆ. ಮೈತುಂಬ ಉಬ್ಬಿದ ಗಂಟುಗಳಿದ್ದು, ಕೊಯ್ದಾಗ ಹಾಲಿನಂಥ ರಸ ಒಸರಿದರೆ ಅದು ಟಿನೋಸ್ಪೊರಾ ಕ್ರಿಸ್ಪಾ ಎಂಬ ಬೇರೆ ಬಳ್ಳಿ, ಯಕೃತ್ತಿಗೆ ಅಪಾಯಕಾರಿ. ಮುಟ್ಟಲೇಬೇಡಿ.

ಕಷಾಯ ಸುಲಭ. 20 ಗ್ರಾಂ ಒಣ ಕಾಂಡದ ತರಿಗೆ 320 ಮಿ.ಲೀ. ನೀರು ಹಾಕಿ, ಮುಚ್ಚಳವಿಲ್ಲದೆ ಸಣ್ಣ ಉರಿಯಲ್ಲಿ 80 ಮಿ.ಲೀ.ಗೆ ಇಳಿಸಿ ಸೋಸಿದರಾಯಿತು.

ಸತ್ವಕ್ಕೆ, ಅಂದರೆ ಕಾಂಡದಿಂದ ತೆಗೆಯುವ ಪಿಷ್ಟದಂಥ ಬಿಳಿ ಪುಡಿಗೆ, ತಾಳ್ಮೆ ಬೇಕು, ಹಸಿ ಕಾಂಡವೂ ಬೇಕು. ಸಿಪ್ಪೆ ಹೆರೆದು, ತುಂಡರಿಸಿ, ನಾರು ಬಿಡುವಷ್ಟು ಜಜ್ಜಿ, ನಾಲ್ಕು ಪಟ್ಟು ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಚೆನ್ನಾಗಿ ಕಿವುಚಿ ಬಟ್ಟೆಯಲ್ಲಿ ಸೋಸಿ, ನಾಲ್ಕೈದು ಗಂಟೆ ಅಲ್ಲಾಡಿಸದೆ ಇಡಿ. ತಿಳಿಯನ್ನು ಮೆಲ್ಲನೆ ಬಸಿದರೆ ತಳದಲ್ಲಿ ಬಿಳಿ ಗಸಿ ಉಳಿಯುತ್ತದೆ. ಅದನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ ಒಣಗಿಸಿ. ಅವಸರದಲ್ಲಿ ಬಗ್ಗಿಸಿದರೆ ಗಸಿಯೂ ಹರಿದುಹೋಗುತ್ತದೆ, ಸೆಕೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹುಳಿ ಬರುತ್ತದೆ. ಕಿಲೋ ಕಾಂಡಕ್ಕೆ ಸಿಗುವುದು ಕೆಲವೇ ಚಮಚ. ಬೇರೆ ಪಿಷ್ಟ ಬೆರೆಸಿ ಮಾರುವುದು ಇದೇ ಕಾರಣಕ್ಕೆ.

ಕಹಿಯೆಲ್ಲ ನಿರಪಾಯವೆಂಬ ನಂಬಿಕೆ ತಪ್ಪು. ಕೋವಿಡ್ ಕಾಲದಲ್ಲಿ ಈ ಬಳ್ಳಿ ಸೇವಿಸಿದವರಲ್ಲಿ ಯಕೃತ್ತಿನ ಹಾನಿ ಕಂಡ ಪ್ರಕರಣಗಳನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದರು. ಆಟೋಇಮ್ಯೂನ್ ಕಾಯಿಲೆ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವುದು) ಇರುವವರು, ಗರ್ಭಿಣಿಯರು ದೂರವಿರಲಿ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಸಕ್ಕರೆ ತೀರಾ ಇಳಿಯಬಹುದು, ವೈದ್ಯರನ್ನು ಕೇಳದೆ ಶುರುಮಾಡಬೇಡಿ. ಕುಡಿಯುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಅಂದೇ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿ.