ಹಬ್ ಲಾಕ್ ಮಾಡದ ಗಾಡಿ, ಎದುರಿಗೆ ಮದದ ಸಲಗ

ಸಂಜೆಯ ಸಫಾರಿ ಟ್ರಿಪ್‌ನಲ್ಲಿ ನಾನು ಓಡಿಸುತ್ತಿದ್ದ ಗಾಡಿ ಹಳ್ಳದ ಕೆಸರಲ್ಲಿ ಹೂತದ್ದು ಗೊತ್ತಾದವರೆಲ್ಲ ಆನೆಯ ಬಗ್ಗೆಯೇ ಕೇಳುತ್ತಾರೆ. ಆನೆಯದು ಏನೂ ತಪ್ಪಿರಲಿಲ್ಲ. ತಪ್ಪಾದದ್ದು ಗೇಟಿನಲ್ಲಿ, ಮುಂದಿನ ಚಕ್ರಗಳ ಹಬ್ ಲಾಕ್ ಮಾಡದೆ ನಾನು ಹೊರಟಾಗ.

ಹಬ್ ಎಂದರೆ ಚಕ್ರದ ನಡುಭಾಗ. ಅದನ್ನು ಲಾಕ್ ಮಾಡಿದರೆ ಮಾತ್ರ ಮುಂದಿನ ಚಕ್ರಕ್ಕೆ ಇಂಜಿನ್ನಿನ ಬಲ ಸಿಗುತ್ತದೆ. ಆ ಲಾಕನ್ನು ಕೈಯಲ್ಲೇ ತಿರುಗಿಸಬೇಕಾದ ಹಳೆಯ ಗಾಡಿ ಅದು. ಹಬ್ ಫ್ರೀ ಇದ್ದರೆ ಲಿವರನ್ನು ನಾಲ್ಕೂ ಚಕ್ರ ಎಳೆಯಬೇಕಾದ ಫೋರ್ ಹೈಗೆ ಹಾಕಿದರೂ ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟ್ ಸುಮ್ಮನೆ ಸುತ್ತುತ್ತದೆ, ಚಕ್ರ ಎಳೆಯುವುದಿಲ್ಲ. ವೇಗ ಕಡಿಮೆ, ಎಳೆತ ಹೆಚ್ಚು ಇರುವ ಫೋರ್ ಲೋ ಹಾಕಿದರೂ ಅಷ್ಟೇ, ದುಡಿಯುವುದು ಹಿಂದಿನ ಎರಡೇ ಚಕ್ರ. ಲಾಕ್ ಮಾಡಬೇಕೆಂದರೆ ಗಾಡಿಯಿಂದ ಇಳಿಯಬೇಕು. ಕಾಡಿನೊಳಗೆ ಇಳಿಯುವಂತಿಲ್ಲ.

ಡೀಸೆಲ್ ಉಳಿಯುತ್ತದೆಂದು ಆಫೀಸಿನವರು ಮಳೆಗಾಲದಲ್ಲೂ ಹಬ್ ಫ್ರೀ ಇಡಲು ಹೇಳುತ್ತಾರೆ. ಹಬ್ ಲಾಕ್ ಮಾಡಿ ಲಿವರನ್ನು ಹಿಂದಿನ ಚಕ್ರಗಳಷ್ಟೇ ಎಳೆಯುವ ಟೂ ಹೈನಲ್ಲೇ ಇಟ್ಟು ಓಡಿಸಿದರೆ ಗಾಡಿಗೆ ಯಾವ ಹಾನಿಯೂ ಇಲ್ಲ. ಹಾನಿಯಾಗುವುದು ಒಣಗಿದ ಗಟ್ಟಿ ರಸ್ತೆಯಲ್ಲಿ ಫೋರ್ ಹೈ ಹಾಕಿ ತಿರುವು ತೆಗೆದುಕೊಂಡಾಗ. ಮುಂದಿನ ಚಕ್ರ ಹೆಚ್ಚು ದೂರ, ಹಿಂದಿನದು ಕಡಿಮೆ ದೂರ ಓಡಬೇಕು. ಆ ವ್ಯತ್ಯಾಸ ಟೈರು ಜಾರಿ ತೀರುವುದಿಲ್ಲವಾದ್ದರಿಂದ ಶಾಫ್ಟು ತಿರುಚಿಕೊಳ್ಳುತ್ತದೆ. ಈ ಎರಡನ್ನೂ ಒಂದೇ ಎಂದುಕೊಂಡವರಿಗೆ ಎಷ್ಟು ಸಲ ಹೇಳಿದರೂ ಸಾಲದು.

ಸಲಗ ಹಳ್ಳದ ಆಚೆ ಸುಮಾರು 60 ಮೀಟರ್ ದೂರದಲ್ಲಿತ್ತು. ಕಪೋಲದಿಂದ ಕಪ್ಪಗೆ ಸುರಿದ ಗೆರೆ, ಹಿಂಗಾಲಿನ ಒಳಬದಿ ಒದ್ದೆ. ಮದ ಎಂದು ಅಷ್ಟು ದೂರಕ್ಕೇ ಗೊತ್ತಾಗಿತ್ತು. ಹಳ್ಳದ ಈಚೆ ಗಾಡಿ ತಿರುಗಿಸುವಷ್ಟು ಜಾಗವಿತ್ತು. ಅಲ್ಲೇ ತಿರುಗಿಸಿ, ಮೂತಿ ಬಂದ ದಾರಿಗೆ ಮಾಡಿ ನಿಲ್ಲಿಸಬೇಕಿತ್ತು. ಗೆಸ್ಟುಗಳ ಫೋಟೋಗೆ ಅಡ್ಡ ಬಂದ ಪೊದೆ ದಾಟಲೆಂದು ಇನ್ನೂ 15 ಮೀಟರ್ ಕೆಳಗಿಳಿಸಿದೆ. ಹಿಂದಿನ ಚಕ್ರ ಹಳ್ಳದಲ್ಲಿ, ಮುಂದಿನದು ಏರಿನಲ್ಲಿ.

ಸಲಗ ನಮ್ಮತ್ತ ನಡೆಯತೊಡಗಿತು. ರಿವರ್ಸ್ ಹಾಕಿದೆ, ಚಕ್ರ ಜಾರಿತು. ಆಗ ಆಕ್ಸಿಲರೇಟರ್ ಒತ್ತಿದ್ದು ಎರಡನೇ ತಪ್ಪು. ಟೈರಿನ ಗೀರುಗಳೊಳಗೆ ಕೆಸರು ತುಂಬಿಕೊಂಡರೆ ಅದು ಬೋಳು ಟೈರಿಗೆ ಸಮ, ವೇಗವಾಗಿ ತಿರುಗಿದಷ್ಟೂ ಗುಂಡಿ ತೋಡುತ್ತದೆ. ಮೂರು ಸೆಕೆಂಡಿನಲ್ಲಿ ಆಕ್ಸಲ್ ಮಣ್ಣಿಗೆ ಕೂತಿತು. ಲಿವರ್ ಎಳೆದೆ. ಏನೂ ಆಗಲಿಲ್ಲ. ಹಬ್ ನೆನಪಾದದ್ದೇ ಆಗ.

ಕಾಲು ತೆಗೆದು ಇಂಜಿನ್ ನಿಧಾನಕ್ಕೆ ಓಡಲು ಬಿಟ್ಟೆ. ಹಾರ್ನ್ ಇಲ್ಲ, ಎದ್ದು ನಿಲ್ಲುವುದಿಲ್ಲ, ಮಾತಿಲ್ಲ. ಸಲಗ 30 ಮೀಟರ್‌ಗೆ ಬಂದು ನಿಂತು, ಕಿವಿ ಅಗಲಿಸಿ ತಲೆ ಎತ್ತಿತು. ಹೀಗೆ ದೊಡ್ಡದಾಗಿ ತೋರಿಸಿಕೊಳ್ಳುವ ಆನೆ ಸಾಮಾನ್ಯವಾಗಿ ಹೆದರಿಸುತ್ತಿರುತ್ತದೆ. ಕಿವಿ ಹಿಂದಕ್ಕೊತ್ತಿ, ಸೊಂಡಿಲು ಒಳಕ್ಕೆ ಸುತ್ತಿ, ಸದ್ದಿಲ್ಲದೆ ಬರುವುದೇ ಅಪಾಯ. ಆದರೆ ಮದದಲ್ಲಿರುವ ಆನೆಗೆ ಈ ಲೆಕ್ಕವನ್ನು ಪೂರ್ತಿ ನಂಬಬಾರದು. ಒಂದು ಮುಂಗಾಲನ್ನು ನೆಲಕ್ಕೂರದೆ ತೂಗುತ್ತಿತ್ತು. ಏನು ಮಾಡಬೇಕೆಂದು ಅದಕ್ಕೂ ತೋಚಿರಲಿಲ್ಲ. ಆ ಕಾಲನ್ನೇ ನೋಡುತ್ತ ಕೂತೆವು. ಕೊನೆಗೆ ಮಣ್ಣು ಎರಚಿಕೊಂಡು ಬಲಗಡೆಯ ಪೊದೆಗೆ ಹೊಕ್ಕಿತು.

ವೈರ್‌ಲೆಸ್‌ನಲ್ಲಿ ಕರೆದ ಗಾಡಿ ಹಿಂದಿನಿಂದ ಬಂತು. ಅದರ ಗಾರ್ಡ್ ಸುತ್ತ ನೋಡಿ, ಇಳಿಯಿರಿ ಎಂದ ಮೇಲೆಯೇ ಇಳಿದದ್ದು. ಗೆಸ್ಟುಗಳನ್ನೆಲ್ಲ ಆ ಗಾಡಿಗೆ ಹತ್ತಿಸಿದೆವು. ಮೊದಲ ಕೆಲಸ ಹಬ್ ಲಾಕ್. ಆಮೇಲೆ ಗಾಡಿ ಹೊರಡಬೇಕಾದ ದಿಕ್ಕಿಗೆ, ಅಂದರೆ ಚಕ್ರಗಳ ಹಿಂಬದಿಗೆ, ಇಳಿಜಾರಾಗಿ ಮಣ್ಣು ತೆಗೆದು, ಆಕ್ಸಲ್ ಕೆಳಗಿನದನ್ನೂ ಬಿಡಿಸಿದೆವು. ಅದನ್ನು ಬಿಡಿಸದೆ ಎಳೆದರೆ ಆಕ್ಸಲ್ಲೇ ನೇಗಿಲಾಗುತ್ತದೆ. ಸಲಿಕೆ ಸಿಕ್ಕಿದ್ದು ಅವರ ಗಾಡಿಯಲ್ಲಿ. ಹೆಚ್ಚುವರಿ ಸೀಟು ಕೂರಿಸುವಾಗ ನಮ್ಮದರ ಸಲಿಕೆ, ಜಾಕಿಗೆ ಕೊಡುವ ಹಲಗೆ ಎರಡನ್ನೂ ತೆಗೆದಿದ್ದರು. ಹಲಗೆ ಇಲ್ಲದ ಜಾಕಿ ಕೆಸರಲ್ಲಿ ಗಾಡಿ ಎತ್ತುವುದಿಲ್ಲ, ತಾನೇ ಇಳಿಯುತ್ತದೆ.

ಟೈರಿನ ಗಾಳಿಯನ್ನು 30ರಿಂದ 18 ಪಿಎಸ್‌ಐಗೆ ಇಳಿಸಿದೆವು. ಟೈರು ಉದ್ದಕ್ಕೆ ಚಪ್ಪಟೆಯಾಗಿ ಹೆಚ್ಚು ನೆಲ ಹಿಡಿಯುತ್ತದೆ. ಹಗ್ಗ ಕಟ್ಟಿದ್ದು ಚಾಸಿಯ ಕೊಕ್ಕೆಗೆ. ಟ್ರೇಲರ್ ಸಿಕ್ಕಿಸಲು ಗಾಡಿಯ ಹಿಂದೆ ಇರುವ ಗುಂಡನೆಯ ಟ್ರೇಲರ್ ಬಾಲ್‌ಗೆ ಎಂದೂ ಕಟ್ಟಬೇಡಿ. ಅದು ಮುರಿದರೆ ಗುಂಡಿನ ಹಾಗೆ ಹಾರುತ್ತದೆ. ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು, ನಡುವೆ ದಪ್ಪ ಕಂಬಳಿ ಹೊದಿಸಬೇಕು. ಸ್ಟೀರಿಂಗ್ ನೇರ, ಫೋರ್ ಲೋ ರಿವರ್ಸ್, ಹಗ್ಗ ಬಿಗಿಯಾದ ಮೇಲೆ ಮೆಲ್ಲಗೆ ಕ್ಲಚ್ ಬಿಟ್ಟೆ. ಒಂದೇ ಎಳೆತಕ್ಕೆ ಮೇಲೆ ಬಂತು.

ಗಟ್ಟಿ ರಸ್ತೆಗೆ ಬಂದು ಗಾಳಿ ತುಂಬುವವರೆಗೆ ವೇಗ 20 ದಾಟಿಸಲಿಲ್ಲ. ಕಡಿಮೆ ಗಾಳಿಯಲ್ಲಿ ಜೋರಾಗಿ ಓಡಿಸಿದರೆ ಟೈರಿನ ಪಕ್ಕ ಕಾದು ಹರಿಯುತ್ತದೆ, ತಿರುವಿನಲ್ಲಿ ರಿಮ್ ಬಿಟ್ಟು ಕಳಚುತ್ತದೆ. ಬ್ರೇಕ್ ಡ್ರಮ್ಮಿಗೆ ಕೆಸರು ನೀರು ಹೋಗಿತ್ತು. ಮೊದಲ ಒತ್ತಿಗೆ ಗಾಡಿ ನಿಲ್ಲಲೇ ಇಲ್ಲ. ಗೇಟಿನವರೆಗೂ ಕಾಲನ್ನು ಬ್ರೇಕಿನ ಮೇಲೆ ಹಗುರಾಗಿ ಇಟ್ಟು ಒಣಗಿಸುತ್ತ ಬಂದೆ.