ಬಲಗಡೆ ಕಟ್ಟಾಗಿದ್ದ ಜೆರಾಕ್ಸ್

ಸ್ವಸಹಾಯ ಸಂಘಗಳಲ್ಲಿ ಲೆಕ್ಕದ ಪುಸ್ತಕ ಬರೆಯುವ ಹೆಂಗಸರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಎರಡು ದಿನ, 40 ಜನ, ಕೊನೆಗೊಂದು ಪೋಸ್ಟ್ ಟೆಸ್ಟ್. ಹಾಜರಿ ಪಟ್ಟಿ, ಬ್ಯಾನರ್ ಕಾಣುವ ಫೋಟೋ, ಮಾರ್ಕ್ಸ್ ಕಳಿಸಿದರೆ ಹೆಡ್ ಆಫೀಸಿನ ಪ್ರಕಾರ 'ಸಾಮರ್ಥ್ಯ ವರ್ಧನೆ' ಮುಗಿಯಿತು.

ಆ ಸಲ ನನ್ನ ಪಿಪಿಟಿ ಜೋರಾಗಿತ್ತು. 1992ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್ 500 ಸಂಘಗಳಿಗೆ ಬ್ಯಾಂಕ್ ಸಾಲ ಜೋಡಿಸಲು ಹೊರಟ ಕಥೆಗೇ ಅರ್ಧ ಗಂಟೆ. ಸಂಘ ನಡೆಸುವ ಐದು ನಿಯಮಗಳ ಪಂಚಸೂತ್ರವನ್ನು ಎಲ್ಲರೂ ಬಾಯಿಪಾಠ ಒಪ್ಪಿಸಿದರು. "ಅರ್ಥ ಆಯ್ತಾ?" ಅಂದೆ. "ಆಯ್ತು ಸಾರ್" ಅಂದರು.

ತಿಂಗಳ ನಂತರ ಶಿರಾ ಕಡೆಯ ಒಂದು ಹಳ್ಳಿಗೆ ಹೋದೆ, ಜೊತೆಗೆ ಮೇಲಿನವರೊಬ್ಬರು. ಪೋಸ್ಟ್ ಟೆಸ್ಟಿನಲ್ಲಿ 20ಕ್ಕೆ 19 ತೆಗೆದವಳ ಸಂಘ. ಅದಕ್ಕೇ ಆರಿಸಿದ್ದೆ, ಸುಳ್ಳು ಯಾಕೆ ಹೇಳಲಿ.

ನಗದು ಪುಸ್ತಕದಲ್ಲಿ 6,840 ರೂಪಾಯಿ. ಪೆಟ್ಟಿಗೆಯಲ್ಲಿ 4,840. ಹತ್ತು, ಇಪ್ಪತ್ತರ ಮೆತ್ತಗಾದ ನೋಟುಗಳು. ಮೂರು ಸಲ ಎಣಿಸಿದೆ. ಯಾರೂ ಮಾತಾಡಲಿಲ್ಲ. ಅವಳು ಪೆನ್ನಿನ ಕ್ಯಾಪ್ ತೆಗೆಯುತ್ತಿದ್ದಳು, ಹಾಕುತ್ತಿದ್ದಳು. ಮೇಲಿನವರು ಗಂಟಲು ಸರಿಮಾಡಿಕೊಂಡರು. ನನಗೆ ನನ್ನ ಮರ್ಯಾದೆಯದೇ ಚಿಂತೆ.

"ದುಡ್ಡು ಎಲ್ಲಮ್ಮಾ?" ಅಂದುಬಿಟ್ಟೆ. ಜೋರಾಗಿಯೇ.

ಹೆಬ್ಬೆಟ್ಟು ಒತ್ತುವ ಅಜ್ಜಿಯೊಬ್ಬರು ಮೂಲೆಯಿಂದ ಹೇಳಿದರು: "ಹೋದ ವಾರ ಹುಡುಗನ ಫೀಸಿಗೆ ಎರಡು ಸಾವ್ರ ಕೊಟ್ವಲ್ಲ ಸಾರ್. ನಾನೇ ಎಣಿಸ್ದೆ."

ಹೊಸ ಪುಸ್ತಕ ಶುರುವಾದ ಮೇಲೆ ಕೊಟ್ಟ ಮೊದಲ ಸಾಲ ಅದು. ನಡಾವಳಿಯಲ್ಲಿತ್ತು, ಪಾಸ್‌ಬುಕ್ಕಿನಲ್ಲೂ ಇತ್ತು. ನಗದು ಪುಸ್ತಕದಲ್ಲಿ ಮಾತ್ರ ಇಲ್ಲ.

"ಇಲ್ಲಿ ಯಾಕೆ ಬರೆದಿಲ್ಲ?"

"ಬರೆಯೋಕೆ ಕಾಲಮ್ಮೇ ಇಲ್ಲ ಸಾರ್."

ತರಬೇತಿಯಲ್ಲಿ ಮಾದರಿ ಅಂತ ನಾನೇ ಹಂಚಿದ್ದ ಜೆರಾಕ್ಸನ್ನು ಚೀಲದಿಂದ ತೆಗೆದಳು. ನಗದು ಪುಸ್ತಕದ ದೊಡ್ಡ ಹಾಳೆಯನ್ನು ಎ4ನಲ್ಲಿ ಹೊಡೆಸಿದ್ದೆ. ಎಡಗಡೆ ಜಮಾ ಪೂರ್ತಿ ಇದೆ. ಬಲಗಡೆ ಖರ್ಚು ಹಾರಿಹೋಗಿದೆ, ಅಂಚಿನಲ್ಲಿ ಅರ್ಧ 'ಖ' ಮಾತ್ರ ಉಳಿದಿದೆ. ಅವಳು ಹೊಸ ಪುಸ್ತಕಕ್ಕೆ ಸ್ಕೇಲ್ ಇಟ್ಟು ಅದೇ ಥರ ಗೆರೆ ಎಳೆದಿದ್ದಳು. ಆಮೇಲೆ ಫೋನ್ ಮಾಡಿ ಕೇಳಿದರೆ, ತರಬೇತಿಗೆ ಬಂದಿದ್ದ ಉಳಿದವರು ನನ್ನ ಹಾಳೆಯನ್ನು ಮಡಚಿಟ್ಟು ಹಳೇ ಅಭ್ಯಾಸದಂತೆಯೇ ಬರೆಯುತ್ತಿದ್ದರು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವಳೇ ಸಿಕ್ಕಿಬಿದ್ದಳು.

ತಪ್ಪು ನನ್ನದು ಅಂತ ಎಲ್ಲರ ಮುಂದೆಯೇ ಹೇಳಿದೆ. ಆದರೆ ನಾನು ಮೊದಲು ಕೇಳಿದ ಪ್ರಶ್ನೆ ಸಂಜೆಯೊಳಗೆ ಊರು ಸುತ್ತಿತ್ತು.

ಈಗ ಪಿಪಿಟಿ ಇಲ್ಲ. ವಾರದ ಸಭೆಗೇ ಹೋಗಿ, ಅವರದೇ ಪುಸ್ತಕ, ಅವರದೇ ದುಡ್ಡು ಇಟ್ಟುಕೊಂಡು ಕೂರುತ್ತೇನೆ. ಒಂದು ಸಲಕ್ಕೆ ಐದಾರು ಜನ. ಸಂಖ್ಯೆ ಕಮ್ಮಿ ಅಂತ ಹೆಡ್ ಆಫೀಸಿನಿಂದ ಮೇಲ್ ಬರುತ್ತಲೇ ಇದೆ.

ಅವಳು ಇನ್ನೂ ಪುಸ್ತಕ ಬರೆಯುತ್ತಾಳೆ. ನಾನು ಯಾವ ಹಾಳೆ ಕೊಟ್ಟರೂ ಮೊದಲು ಅಂಚು ನೋಡುತ್ತಾಳೆ. "ಈ ಸಲ ಬಲಗಡೆ ಐತಾ ಸಾರ್?"