ಒಂದು ಗೇಣು ಬಳ್ಳಿ

ಮಂಗಳವಾರ, 12 ಆಗಸ್ಟ್ 2025, ರಾತ್ರಿ

ಹಳೇ ಪೇಪರಿನಲ್ಲಿ ಸುತ್ತಿದ ಬಳ್ಳಿ ತುಂಡು ಇನ್ನೂ ಮೇಜಿನ ಮೇಲೇ ಇದೆ. ನಡುಬೆರಳಿನಷ್ಟು ದಪ್ಪ, ಒಂದು ಗೇಣು ಉದ್ದ, ತೂಕ 38 ಗ್ರಾಂ. ನಾಳಿನ ಪಾಠ ಓದಲು ಕೂತರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಅಜ್ಜಿ ನಮ್ಮ ಆಯುರ್ವೇದ ಆಸ್ಪತ್ರೆಯ ಓಪಿಡಿಗೆ ಬಂದದ್ದು ಮಂಡಿ ನೋವಿಗೆ. "ಬೇರೆ ಔಷಧಿ ಏನಾದರೂ ತಗೊಳ್ತೀರಾ ಅಜ್ಜಿ?" ಅಂದರೆ, "ಏನೂ ಇಲ್ಲ ಕಣವ್ವ, ಸಕ್ಕರೆ ಕಾಯಿಲೆ ಮಾತ್ರೆ ಒಂದೇಯ." ಕೇಸ್ ಶೀಟಿನ ಆ ಸಾಲು ಅಲ್ಲಿಗೆ ಮುಗಿಯುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಮೇಡಂ ಮಾತ್ರ ಬಿಡಲಿಲ್ಲ. "ಬೆಳಿಗ್ಗೆ ಎದ್ದ ಕೂಡಲೇ ಏನು ಕುಡೀತೀರಮ್ಮ?" ಅಂದರು. ಆಗ ಚೀಲದಿಂದ ಬಳ್ಳಿ ಹೊರಗೆ ಬಂತು.

"ಅಮೃತಬಳ್ಳಿ ಕಸಾಯ. ಯುಗಾದಿಯಿಂದ ಒಂದಿನಾನೂ ತಪ್ಸಿಲ್ಲ. ಅದೇನ್ ಔಷಧೀನಾ, ಮನೇದು."

ಕಷಾಯವನ್ನು ಯಾರೂ ಔಷಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೆಂತ್ಯದ ನೀರು, ಬೇವಿನ ಚಿಗುರು, ಮಧುನಾಶಿನಿ ಎಲೆ, ಯಾವುದನ್ನೂ. ಔಷಧಿ ಎಂದರೆ ಮಾತ್ರೆ, ಇಂಜೆಕ್ಷನ್. ಹಾಗಾಗಿ "ಬೇರೆ ಔಷಧಿ" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವೇ ಬರುವುದು. ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಹೋಗುವುದನ್ನೆಲ್ಲ ಗಂಟೆಯ ಪ್ರಕಾರ ಕೇಳಬೇಕು. ಹಾಗೆ ಕೇಳಿದಾಗ ಸಿಕ್ಕಿದ್ದು: ಆರಕ್ಕೆ ಕಷಾಯ. ಏಳೂವರೆಗೆ ಮಾತ್ರೆ, ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಇರುವುದು. ತಿಂಡಿ ಹನ್ನೊಂದರ ಮೇಲೆ, ಏಕೆಂದರೆ "ಕಸಾಯ ಕುಡುದ್ಮೇಲೆ ಬೇಗ ತಿಂದ್ರೆ ಗುಣ ಹೋಯ್ತದೆ" ಎಂದು ಯಾರೋ ಹೇಳಿದ್ದಾರೆ. ಸಂಜೆ ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಕುದಿಸಿ ಇನ್ನೊಂದು ಲೋಟ.

"ಹನ್ನೊಂದ್ರ ಹೊತ್ಗೆ ಕೈ ನಡುಗ್ತದೆ, ಬೆವರು ಬತ್ತದೆ. ವಯಸ್ಸಾಯ್ತಲ್ಲವ್ವ."

ಗಡಿಯಾರದಲ್ಲಿ ಹತ್ತೂಮುಕ್ಕಾಲು. ಗ್ಲೂಕೋಮೀಟರಿನಲ್ಲಿ 68. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ನೋಡಿದಾಗ 96. ಆಮೇಲೆ ಕ್ಯಾಂಟೀನಿನಿಂದ ಎರಡು ಇಡ್ಲಿ.

ಇದನ್ನು ಕಷಾಯದ ಲೆಕ್ಕಕ್ಕೆ ಬರೆದುಬಿಡುವುದು ಸುಲಭ, ಆದರೆ ತಪ್ಪು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಕ್ಕರೆ ಇಷ್ಟು ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಹೊಟ್ಟೆಯಲ್ಲಿ ಅನ್ನ ಇರಲಿ ಬಿಡಲಿ ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಮಾತ್ರೆ ನುಂಗಿ ಮೂರೂವರೆ ಗಂಟೆ ಉಪವಾಸ ಕೂತರೆ ಅದೊಂದೇ ಸಾಕು. ಅಮೃತಬಳ್ಳಿಗೂ ಸಕ್ಕರೆ ಇಳಿಸುವ ಗುಣ ಇದೆ ಎನ್ನುತ್ತೇವೆ, ಪ್ರಮೇಹದಲ್ಲಿ, ಅಂದರೆ ಸಕ್ಕರೆ ಕಾಯಿಲೆಯಂಥವುಗಳಲ್ಲಿ, ಕೊಡುತ್ತೇವೆ. ಹಾಗಿರುವಾಗ ಅದರ ಪಾಲು ಸೊನ್ನೆ ಎನ್ನಲೂ ಆಗದು. ಮೊದಲು ಸರಿಮಾಡಬೇಕಾದದ್ದು ತಿಂಡಿಯ ಹೊತ್ತು.

ಅದಕ್ಕಿಂತ ದೊಡ್ಡ ಪ್ರಶ್ನೆ ಬಳ್ಳಿಯದು: ಇದು ನಿಜಕ್ಕೂ ಅಮೃತಬಳ್ಳಿಯೇ? ಕಾಂಡದ ಮೇಲೆ ಗಂಟುಗಂಟು.

ಔಷಧ ಸಸ್ಯಗಳ ಪಾಠವಾದ ದ್ರವ್ಯಗುಣದ ವೈವಾದಲ್ಲಿ ಗುಡೂಚಿ, ಅಂದರೆ ಅಮೃತಬಳ್ಳಿ, ಬಂದರೆ ಎಲ್ಲರಿಗೂ ಖುಷಿ. ಭಾವಪ್ರಕಾಶ ಗ್ರಂಥದ ಪರ್ಯಾಯ ನಾಮಗಳು ಬಾಯಿಗೆ ಬರುತ್ತವೆ. ಛಿನ್ನರುಹಾ, ಕತ್ತರಿಸಿದರೂ ಚಿಗುರುವುದು. ಕುಂಡಲೀ, ಸುರುಳಿ ಸುತ್ತುವುದು. ಚಕ್ರಲಕ್ಷಣಿಕಾ, ಅಡ್ಡ ಕೊಯ್ದರೆ ಗಾಡಿಚಕ್ರದ ಅರಗಳು ಕಾಣುವುದು. ಹೆಸರಿನಲ್ಲೇ ಗುರುತು ಇಟ್ಟ ಆ ಕ್ರಮ ನಿಜಕ್ಕೂ ದೊಡ್ಡದು. ಇವತ್ತು ಬ್ಲೇಡಿನಲ್ಲಿ ಅಡ್ಡ ಕೊಯ್ದಾಗಲೂ ಚಕ್ರ ಚೆನ್ನಾಗಿಯೇ ಕಂಡಿತು. ಆದರೆ ಅಮೃತಬಳ್ಳಿಯ ಕುಲದ್ದೇ ಇನ್ನೊಂದು ಬಳ್ಳಿ, ಟಿನೊಸ್ಪೊರಾ ಕ್ರಿಸ್ಪಾ, ಕೊಯ್ದರೂ ಚಕ್ರವೇ. ಅದೂ ಕತ್ತರಿಸಿದರೆ ಚಿಗುರುತ್ತದೆ, ಅದರ ಎಲೆಯೂ ಹೃದಯದ ಆಕಾರ, ಅದೂ ಕಹಿ. ಹೆಸರುಗಳು ನಮ್ಮನ್ನು ಕುಲದ ಬಾಗಿಲ ತನಕ ತಂದು ಬಿಡುತ್ತವೆ, ಒಳಗೆ ಯಾವ ಮನೆ ಎಂದು ನಾವೇ ಹುಡುಕಬೇಕು.

2022ರಲ್ಲಿ ಆಯುಷ್ ಸಚಿವಾಲಯ ಎರಡರ ವ್ಯತ್ಯಾಸ ಹೇಳಿತ್ತು. ನಮ್ಮ ಅಮೃತಬಳ್ಳಿ, ಅಂದರೆ ಟಿನೊಸ್ಪೊರಾ ಕಾರ್ಡಿಫೋಲಿಯಾದ ಕಾಂಡ ಹಸಿರು, ಗಂಟಿಲ್ಲ, ಹಾಲಿಲ್ಲ, ಹೂವಿಗೆ ಆರು ದಳ, ಹಣ್ಣು ಗುಂಡಗೆ ಕೆಂಪು. ಕ್ರಿಸ್ಪಾದ ಕಾಂಡ ಬೂದು ಬಣ್ಣ, ಗಂಟುಗಳಿವೆ, ಹಾಲು ಒಸರುತ್ತದೆ, ಮೂರು ದಳ, ಹಣ್ಣು ಉದ್ದುದ್ದ, ಕಿತ್ತಳೆ ಬಣ್ಣ. ಓದುವಾಗ ಎಷ್ಟು ಸಲೀಸು. ಕೈಯಲ್ಲಿರುವ ತುಂಡಿಗೆ ಹೂವಿಲ್ಲ, ಹಣ್ಣಿಲ್ಲ, ಕಿತ್ತು ಎರಡು ದಿನವಾಗಿದೆ, ಹಾಲು ಇದ್ದರೂ ಬತ್ತಿರಬೇಕು. ಬಲಿತ ಅಮೃತಬಳ್ಳಿಯ ಕಾಂಡವೂ ಹಸಿರಾಗಿರುವುದಿಲ್ಲ, ಮೇಲಿನ ಸಿಪ್ಪೆ ಕಾಗದದಂತೆ ಏಳುತ್ತದೆ, ಮೈತುಂಬ ಉಸಿರುರಂಧ್ರದ ಚುಕ್ಕಿಗಳಿರುತ್ತವೆ. ಆ ಚುಕ್ಕಿಗಳನ್ನೇ ಗಂಟು ಎಂದುಕೊಂಡು ಒಳ್ಳೆಯ ಬಳ್ಳಿಯನ್ನು ಬಿಸಾಡುವವರಿದ್ದಾರೆ. ಉಗುರು ಎಳೆದು ನೋಡಬೇಕು. ಉಸಿರುರಂಧ್ರ ಸ್ವಲ್ಪ ಉಬ್ಬಿದ್ದರೂ ಸಿಪ್ಪೆಯೊಂದಿಗೆ ಎದ್ದು ಬರುತ್ತದೆ. ಕ್ರಿಸ್ಪಾದ ಗಂಟು ಮೊಡವೆಯಂತೆ ಉಬ್ಬಿದ್ದು, ಉಗುರಿಗೆ ತಡೆಯುತ್ತದೆ. ಈ ತುಂಡಿನಲ್ಲಿ ಒಂದು ತುದಿಯಲ್ಲಿ ಉಗುರು ಜಾರುತ್ತದೆ, ಇನ್ನೊಂದು ತುದಿಯಲ್ಲಿ ತಡೆಯುತ್ತದೆ.

"ಬಳ್ಳಿ ಎಲ್ಲೀದು ಅಜ್ಜಿ?" "ಪಕ್ಕದ್ಮನೆ ಹುಡುಗ ನರ್ಸರಿಯಿಂದ ತಂದು ಹಬ್ಸವ್ನೆ." ನರ್ಸರಿಯಲ್ಲಿ ಅಮೃತಬಳ್ಳಿ ಎಂದು ಚೀಟಿ ಇತ್ತಂತೆ.

ಜಾತಿ ಗೊತ್ತಾದರೆ ಚಿಂತೆ ಮುಗಿಯಿತೇ? ಅದೂ ಇಲ್ಲ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿ ಯಕೃತ್ತು ಕೆಟ್ಟ ಆರು ಜನರ ವಿವರ ಪ್ರಕಟಿಸಿದಾಗ, ಗಿಡ ಬೇರೆಯದಿರಬೇಕು ಎಂದು ನಮ್ಮ ಕಡೆಯಿಂದ ಉತ್ತರ ಹೋಯಿತು. ಮರುವರ್ಷ 13 ಕೇಂದ್ರಗಳ 43 ರೋಗಿಗಳ ವರದಿ ಬಂತು. ಅವರಲ್ಲಿ ಹಲವರಿಗೆ ಆಟೋಇಮ್ಯೂನ್ ಯಕೃತ್ ಕಾಯಿಲೆ ಗೊತ್ತಿಲ್ಲದಂತೆ ಮೊದಲೇ ಇದ್ದಿರಬಹುದು ಎಂಬ ಲಕ್ಷಣಗಳಿದ್ದವು. ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ ಎಂದು ಹೊಗಳುವ ಗಿಡ, ಆ ಶಕ್ತಿ ಸ್ವಂತ ಯಕೃತ್ತಿನ ಮೇಲೆ ತಿರುಗಿರುವವರಲ್ಲಿ ಏನು ಮಾಡೀತು ಎಂದು ನಾವೇ ಮೊದಲು ಕೇಳಬೇಕಿತ್ತು. ಈ ಗಿಡದ ಮೇಲೆ ಪ್ರೀತಿ ಇರುವವರು ನಾವೇ ತಾನೆ.

ಪ್ರಮಾಣದ ಮಾತೂ ಇದೆ. ಆಯುರ್ವೇದ ಔಷಧಗಳ ಪ್ರಮಾಣಗ್ರಂಥವಾದ ಫಾರ್ಮಕೊಪಿಯಾ ಹೇಳುವುದು ಕಷಾಯಕ್ಕೆ 20ರಿಂದ 30 ಗ್ರಾಂ. ಹಸಿ ದ್ರವ್ಯವಾದರೆ ದುಪ್ಪಟ್ಟು ತೆಗೆದುಕೊಳ್ಳಬೇಕೆಂಬ ಸಾಮಾನ್ಯ ನಿಯಮವನ್ನು ಇಲ್ಲಿಗೆ ಹಚ್ಚಿ ಜೂನಿಯರ್‌ಗಳು 60 ಗ್ರಾಂ ತೂಗುತ್ತಾರೆ. ಹಳೆಯ ಗ್ರಂಥಕಾರ ಶಾರ್ಙ್ಗಧರ ಒಂಬತ್ತು ದ್ರವ್ಯಗಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಆಡುಸೋಗೆ, ಶತಾವರಿ, ಅಶ್ವಗಂಧ ಎಲ್ಲ ಅದರಲ್ಲಿವೆ, ಮೊದಲ ಹೆಸರೇ ಗುಡೂಚಿ. ಹಸಿಯದನ್ನೇ ಬಳಸಬೇಕು, ದುಪ್ಪಟ್ಟು ಮಾಡಬಾರದು. ಕುದಿಸುವುದು ಜಜ್ಜಿ, ಹದಿನಾರು ಪಟ್ಟು ನೀರಿನಲ್ಲಿ, ಸಣ್ಣ ಉರಿಯಲ್ಲಿ, ಪಾತ್ರೆ ಮುಚ್ಚದೆ, ಎಂಟನೇ ಒಂದು ಭಾಗಕ್ಕೆ. 30 ಗ್ರಾಂಗೆ 480 ಮಿ.ಲೀ. ಇಟ್ಟರೆ 60 ಉಳಿಯಬೇಕು. ಕಡ್ಡಿಯಲ್ಲಿ ಮಟ್ಟ ನೋಡುವವರು ಒಂದು ಮರೆಯುತ್ತಾರೆ: ನೆನೆದ ನಾರು ಜಾಗ ಹಿಡಿಯುತ್ತದೆ, ಪಾತ್ರೆಯಲ್ಲಿ 60 ಕಂಡರೂ ಸೋಸಿದಾಗ ಅಷ್ಟು ಬರುವುದಿಲ್ಲ. ನಡುವೆ ಒಮ್ಮೆ ಸೋಸಿ ಅಳೆದು ಮತ್ತೆ ಒಲೆಗಿಡುವುದೇ ಸರಿ. ಅಜ್ಜಿ ಒಂದು ಚೊಂಬು ನೀರಿಟ್ಟು ಒಂದು ಲೋಟಕ್ಕೆ ಇಳಿಸುತ್ತಾರೆ. ಹದ ತಪ್ಪಿಲ್ಲ. ದಿನಕ್ಕೆ ಇಂಥದ್ದೊಂದು ತುಂಡು, 38 ಗ್ರಾಂ, ನಾಲ್ಕು ತಿಂಗಳು, ಎಡೆಬಿಡದೆ. ತಪ್ಪಿರುವುದು ಅಲ್ಲಿ.

ಸದ್ಯಕ್ಕೆ ಕಷಾಯ ನಿಲ್ಲಿಸಿ, ಮಾತ್ರೆ ತಿಂಡಿಯ ಜೊತೆಗೆ, ನಾಳೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಮತ್ತು ಯಕೃತ್ತಿನ ರಕ್ತಪರೀಕ್ಷೆ. ಮನೆಯಿಂದ ಮಾತ್ರೆ ನುಂಗಿ ಬರಬಾರದು, ತಿಂಡಿ ಡಬ್ಬಿ ತರಬೇಕು. ಎಲೆ ಇರುವ ಹಸಿ ತುಂಡನ್ನೂ ತರಲು ಹೇಳಿದ್ದಾಯಿತು. ಎಲೆಯ ಅಡಿಭಾಗ ಸವರಿದರೆ ಮಖಮಲ್ಲಿನಂತೆ ರೋಮ ಸಿಕ್ಕರೆ ಅದು ಈ ಎರಡೂ ಅಲ್ಲ, ಇದೇ ಕುಲದ ಮೂರನೆಯದು, ಸೈನೆನ್ಸಿಸ್. "ನಿಲ್ಸಿದ್ರೆ ಮಂಡಿ ನೋವು ಜಾಸ್ತಿ ಆಗಲ್ವಾ ಕಣವ್ವ?" ಎಂದು ಅಜ್ಜಿ ಕೇಳಿದ್ದು ಒಂದೇ ಸಲ. ಮೇಡಂ ಕೈ ಹಿಡಿದುಕೊಂಡು ಉತ್ತರ ಹೇಳಿದರು, ನಿಧಾನವಾಗಿ.

ತುಂಡನ್ನು ಎರಡು ಮಾಡಿ ಅರ್ಧವನ್ನು ಕುಂಡದ ಮರಳಿನಲ್ಲಿ ಊರಿದೆ. ಛಿನ್ನರುಹಾ ತಾನೆ, ಯಾವ ಜಾತಿಯಾದರೂ ಚಿಗುರುತ್ತದೆ. ಎಲೆ ಬರಲು ಎರಡು ಮೂರು ವಾರ, ಹೂವಿಗೆ ಇನ್ನೆಷ್ಟು ತಿಂಗಳೋ. ರಕ್ತದ ರಿಪೋರ್ಟ್ ನಾಳೆ ಸಂಜೆಗೇ ಬರುತ್ತದೆ. ಓಪಿಡಿಯ ಬೆಳಕಿನಲ್ಲಿ ಅಜ್ಜಿಯ ಕಣ್ಣಿನ ಬಿಳಿ ಸ್ವಲ್ಪ ಹಳದಿಗೆ ಮಾಸಿದಂತೆ ಕಂಡಿತ್ತು, ಟ್ಯೂಬ್‌ಲೈಟಿನದಿರಬಹುದು, ನಾಳೆ ಹೊರಗೆ ಜಗಲಿಯಲ್ಲಿ ಕೂರಿಸಿ ಬಿಸಿಲಲ್ಲಿ ನೋಡಬೇಕು, ಮೂತ್ರದ ಬಣ್ಣ ಕೇಳಿರಲೇ ಇಲ್ಲ